ಬೀರು ಹೊತ್ತ ಕೈ

ವಿಶ್ವವಿದ್ಯಾಲಯದಲ್ಲಿ ಮೂವತ್ತು ವರ್ಷ ಬೀರು, ಬೆಂಚು ಹೊತ್ತ ಹಮಾಲಿಯನ್ನು ಎಲ್ಲರೂ ಮಾಮ ಎಂದೇ ಕರೆಯುತ್ತಿದ್ದರು. ಐವತ್ತಾರನೆಯ ವಯಸ್ಸಿನಲ್ಲಿ ಅವನು ಅಲ್ಲಿನ ಸ್ವಿಂಗ್ ಡ್ಯಾನ್ಸ್ ತರಗತಿಗೆ ಸೇರಿದಾಗ ಹೆಂಡತಿ ಮೂಗಿನ ಮೇಲೆ ಬೆರಳಿಟ್ಟಳು.

"ಈ ವಯಸ್ಸಲ್ಲಿ ಜೋಡಿ ಕುಣಿತ ಏನ್ರೀ?"

"ಕುಣಿಯೋರಿಗೆ ಅಂತ ಇಷ್ಟು ವರ್ಷ ಬೆಂಚು ಸರಿಸಿದ್ದೀನಿ ಕಣೇ. ಒಂದ್ಸಲ ನಾನೂ ಕುಣೀತೀನಿ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮಾಮನಿಗೆ ಆ ನೆಪವೂ ಇರಲಿಲ್ಲ, ಬೆಳಿಗ್ಗೆ ಆ ನೆಲ ಒರೆಸಿದವನು ಅವನೇ. ಹೆಜ್ಜೆ ಹಾಕುತ್ತ ಆರರವರೆಗೆ ಎಣಿಸಬೇಕು, ಅವನಿಗೆ ನಾಲ್ಕಕ್ಕೇ ತಪ್ಪುತ್ತಿತ್ತು. ಮೂರನೆಯ ವಾರ ಜೊತೆಗಾತಿಯನ್ನು ಹಿಂದಕ್ಕೆ ನಡೆಸುವಾಗ ಅಭ್ಯಾಸಬಲದಿಂದ "ಹುಷಾರು, ಹೊಸ್ತಿಲು!" ಎಂದು ಕೂಗಿಬಿಟ್ಟ. ಹುಡುಗಿ ಇಲ್ಲದ ಹೊಸ್ತಿಲನ್ನು ಕಾಲೆತ್ತಿ ದಾಟಿದಳು. ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ನಗುವುದಕ್ಕೇನು ಕಷ್ಟ?

ನಗದೆ ಉಳಿದವರು ಟೀಚರ್ ಒಬ್ಬರೇ. ಕಂಡಕಂಡವರ ಕಾಲು ತುಳಿಯುತ್ತಿದ್ದ ಆ ಹುಡುಗಿ ಇವನ ಜೊತೆ ಒಮ್ಮೆಯೂ ಎಡವಿರಲಿಲ್ಲ.

"ಅವಳು ಯಾವಾಗ ತಡವರಿಸ್ತಾಳೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದರು.

"ಬೀರು ಹೊತ್ತಾಗ ಆ ಕಡೆಯವನ ಮುಖ ಕಾಣಲ್ಲ ಮೇಡಂ. ಅವನ ಕಾಲು ಸೋತ್ರೆ ನನ್ನ ಕೈಗೇ ಮೊದಲು ಗೊತ್ತಾಗ್ಬೇಕು. ಇಲ್ದಿದ್ರೆ ಇಬ್ರೂ ಹೋದ್ವಿ."

ಈಗ ಆ ತರಗತಿಯ ಮೊದಲ ದಿನ ಹಾಡೂ ಇಲ್ಲ, ಎಣಿಕೆಯೂ ಇಲ್ಲ. ಹೊಸಬರು ಇಬ್ಬಿಬ್ಬರಾಗಿ ಒಂದೊಂದು ಬೆಂಚು ಹೊತ್ತು ಹಾಲ್ ಸುತ್ತುತ್ತಾರೆ. ಮಾಮ ಬಾಗಿಲಲ್ಲಿ ಕೈಕಟ್ಟಿ ನಿಂತು ಗದರುತ್ತಾನೆ:

"ನಿಮ್ಮ ಕಾಲನ್ನೇ ಏನ್ ನೋಡ್ತೀರಿ? ಆ ಕಡೆ ಇನ್ನೊಬ್ರಿದ್ದಾರೆ!"