ಎಳೆದು ಬಿಡುವ ಕೆಲಸ

ನಿಮ್ಮ ಕಸುಬೇನು ಎಂದು ಯಾರಾದರೂ ಕೇಳಿದರೆ ನನಗೆ ಸಣ್ಣಗೆ ನಾಚಿಕೆಯಾಗುತ್ತದೆ. ಕಂಪ್ಯೂಟರ್ ಪರದೆಯ ಎಡಗಡೆ ಇರುವ ಫೋಟೋವನ್ನು ಮೌಸ್‌ನಿಂದ ಹಿಡಿದು, ಬಲಗಡೆಗೆ ಎಳೆದು ಬಿಟ್ಟರೆ ಅದು ಅಲ್ಲಿ ಕೂರಬೇಕು. ಕೂರುವಂತೆ ಮಾಡುವುದು ನನ್ನ ಕೆಲಸ. ಇಷ್ಟಕ್ಕೆ ತಲೆ ಬೆಳ್ಳಗಾಯಿತು ಎಂದರೆ ಯಾರೂ ನಂಬುವುದಿಲ್ಲ. ಕುಶಾಲನಗರದಲ್ಲಿ ನಮ್ಮದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಮದುವೆ ಆಲ್ಬಂ ಜೋಡಿಸುವ ಪ್ರೋಗ್ರಾಂ ಬರೆದವನು ನಾನು. ಅದರ ಮುಂದೆ ಕೂತು ಆಲ್ಬಂ ಜೋಡಿಸುವವಳು ನನ್ನ ಹೆಂಡತಿ ಜಯಂತಿ.

ನೋಡಲು ಸುಲಭವಾದ ಈ ಕೆಲಸದಲ್ಲಿ ಬೇಕಾದಷ್ಟು ಕಣ್ಕಟ್ಟು ಇದೆ. ನೀವು ಎಳೆಯುವುದು ಫೋಟೋವನ್ನಲ್ಲ, ಅದರ ತೆಳು ನೆರಳನ್ನು. ಅಸಲು ಚಿತ್ರವನ್ನೇ ಹೊರಿಸಿದರೆ ಕಂಪ್ಯೂಟರ್ ಏದುಸಿರು ಬಿಡುತ್ತದೆ. ನೆರಳು ಹಾದುಹೋದಷ್ಟು ಜಾಗವನ್ನು ಮಾತ್ರ ಕಂಪ್ಯೂಟರ್ ಮತ್ತೆ ಚಿತ್ರಿಸಬೇಕು. ಇಡೀ ಪರದೆಯನ್ನು ಪ್ರತಿ ಸಲ ಚಿತ್ರಿಸುತ್ತ ಕೂತರೆ ಎಲ್ಲವೂ ತೆವಳುತ್ತದೆ. ಇನ್ನೂ ಒಂದಿದೆ. ಗುಂಡಿ ಒತ್ತಿದ ತಕ್ಷಣ ಎಳೆತ ಶುರುವಾಗಬಾರದು. ಯಾವ ಕೈಯೂ ಪೂರ್ತಿ ಸ್ಥಿರವಲ್ಲ, ಒತ್ತುವಾಗ ಕೂದಲೆಳೆಯಷ್ಟು ಅಲುಗುತ್ತದೆ. ಅದನ್ನು ಕ್ಷಮಿಸಬೇಕು. ಎಷ್ಟು ಕ್ಷಮಿಸಬೇಕು ಎಂದು ನಾನು ಊಟದ ಹೊತ್ತಿನಲ್ಲೂ ಜಯಂತಿಯ ತಲೆ ತಿಂದಿದ್ದೇನೆ. "ಅನ್ನ ಆರೋಗುತ್ತೆ, ಮೊದ್ಲು ತಟ್ಟೆ ಹತ್ರ ಎಳ್ಕೊಳ್ಳಿ" ಎನ್ನುತ್ತಿದ್ದಳು.

ಕೊಡಗಿನ ಮದುವೆಗಳಿಲ್ಲದಿದ್ದರೆ ನಾನು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕೊಡವರ ಮದುವೆಯಲ್ಲಿ ಬಂದವರೆಲ್ಲ ಸಾಲಾಗಿ ನಿಂತು, ಮುಕ್ಕಾಲಿಯ ಮೇಲೆ ಕೂತ ವಧುವಿನ ಮೊಣಕಾಲು, ಭುಜ, ತಲೆಗೆ ಅಕ್ಕಿ ಹಾಕಿ, ಕಿಂಡಿ ಎನ್ನುವ ಮೂತಿಯ ಚೊಂಬಿನಿಂದ ಹಾಲು ಕುಡಿಸಿ ಹರಸುತ್ತಾರೆ. ಅದೇ ವಧು, ಅದೇ ದೀಪ, ಹರಸುವ ಮುಖ ಮಾತ್ರ ಬೇರೆ. ಅಂಥ ಫೋಟೋಗಳು ರಾಶಿ ರಾಶಿ. ಒಬ್ಬರನ್ನೂ ಬಿಡುವಂತಿಲ್ಲ, ಹಿರಿಯರು ಮೊದಲು ಬರಬೇಕು. ಒಮ್ಮೆ ನಾನು ಉತ್ಸಾಹದಿಂದ ಜೋಡಿಸಿದ ಆಲ್ಬಂನಲ್ಲಿ ತಮ್ಮನೊಬ್ಬ ಅಣ್ಣನಿಗಿಂತ ಮೊದಲಿನ ಪುಟ ಹಿಡಿದು, ಆಲ್ಬಂ ನಮ್ಮ ಬಾಗಿಲಿಗೇ ವಾಪಸ್ ಬಂತು. ಜಯಂತಿ ಹಾಸನದ ಕಡೆಯಿಂದ ಬಂದು ನೆಲೆಸಿದ ಮನೆಯವಳು. ಆದರೂ ಯಾವ ಮನೆಯಲ್ಲಿ ಯಾರು ದೊಡ್ಡವರು ಎನ್ನುವುದು ಅವಳಿಗೆ ಬಾಯಿಪಾಠ. ಅಲ್ಲಿಂದ ಮುಂದೆ ನಾನು ಆ ತಂಟೆಗೆ ಹೋಗಲಿಲ್ಲ.

ಕಳೆದ ವರ್ಷ ಅವಳ ಬಲಗೈ ನಡುಗಲು ಶುರುವಾಯಿತು, ಹಿಂದೆಯೇ ಎಡಗೈ. ನರದ ಕಾಯಿಲೆ, ನಿಧಾನಕ್ಕೆ ಹೆಚ್ಚುತ್ತ ಹೋಗುತ್ತದೆ ಎಂದರು ಮೈಸೂರಿನ ಡಾಕ್ಟರು. ನನ್ನ ಪ್ರೋಗ್ರಾಂ ಕ್ಷಮಿಸುವ ಅಲುಗಾಟ ಇದಲ್ಲ. ಒತ್ತಿ ಹಿಡಿದ ಬೆರಳು ಅರ್ಧ ದಾರಿಯಲ್ಲಿ ಜಾರುತ್ತಿತ್ತು. ಅದೇ ಸಮಯಕ್ಕೆ ಹಳೆಯ ಪರಿಚಯದ ಕಾವೇರಮ್ಮನವರು ಮಗಳ ಮದುವೆ ಮುಗಿಸಿ ಬಂದರು. "ನೀನೇ ಮಾಡಿ ಕೊಡು ಜಯಂತಿ. ಬೇರೆಯವರಿಗೆ ನಮ್ಮವರ ಹಿಂದುಮುಂದು ಗೊತ್ತಾಗಲ್ಲ. ನಿಧಾನ ಆದ್ರೂ ಪರವಾಗಿಲ್ಲ, ಆಯ್ತಾ" ಎಂದರು. ಅವರು ಹೋದ ಮೇಲೆ ಜಯಂತಿ, "ಇದೊಂದನ್ನ ನನ್ನ ಕೈಯಲ್ಲೇ ಮುಗಿಸ್ತೀನಿ ರೀ" ಎಂದಳು. ಇದೊಂದು ಎಂದರೆ ಕೊನೆಯದು ಎಂದು ಇಬ್ಬರಿಗೂ ತಿಳಿದಿತ್ತು.

ನಾನು ಬುದ್ಧಿವಂತಿಕೆಗೆ ಇಳಿದೆ. ಫೋಟೋ ಪುಟದ ಹತ್ತಿರ ಎಲ್ಲೇ ಬಿದ್ದರೂ ಖಾಲಿ ಜಾಗ ಅದನ್ನು ಸೆಳೆದುಕೊಳ್ಳುವಂತೆ ಮಾಡಿದೆ. ಸಾಲದೆಂದು, ಅದು ಎಲ್ಲಿಗೆ ಹೊರಟಿದೆ ಎಂದು ಊಹಿಸಿ ಪ್ರೋಗ್ರಾಂ ತಾನೇ ಕೂರಿಸುವಂತೆಯೂ ಮಾಡಿದೆ. ಕೆಲಸ ಸರಾಗವಾಯಿತು. ಜಯಂತಿ ಎರಡು ಫೋಟೋ ಎಳೆದು ನೋಡಿ ಮೌಸ್ ಬಿಟ್ಟಳು.

"ನಾನು ಬಿಟ್ಟಿದ್ದು ಇಲ್ಲೆಲ್ಲೋ, ಅದು ಹೋಗಿ ಕೂತಿದ್ದು ಅಲ್ಲಿ. ಎಲ್ಲಾ ನೀವೇ ಮಾಡೋದಾದ್ರೆ ನನ್ನನ್ನ ಯಾಕ್ರೀ ಇಲ್ಲಿ ಕೂರಿಸ್ತೀರ?"

ನಾನು ಎದ್ದು ಹೊರಟೆ. ಹಿತ್ತಿಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತುಬಿಟ್ಟೆ. ನಲ್ಲಿಯ ಸದ್ದಿನಲ್ಲಿ ಕೇಳಿಸದು ಎಂದುಕೊಂಡಿದ್ದೆ. ಒಳಗೆ ಬಂದಾಗ ಅವಳು ಟವೆಲ್ ಚಾಚಿದಳು.

ಈ ಕಸುಬಿನಲ್ಲಿ ಎಲ್ಲರೂ ಪಾಲಿಸುವ ನಿಯಮ ಒಂದಿದೆ. ನಡುದಾರಿಯಲ್ಲಿ ಕೈಬಿಟ್ಟ ವಸ್ತು ಹೊರಟ ಜಾಗಕ್ಕೇ ವಾಪಸ್ ಹೋಗಬೇಕು. ಯಾರು ಮಾಡಿದರೋ, ಗಟ್ಟಿ ಕೈಯವರೇ ಇರಬೇಕು. ನಾನೂ ಅದನ್ನು ಯೋಚಿಸದೆ ಪಾಲಿಸಿಕೊಂಡು ಬಂದವನು. ಸೆಳೆತ, ಊಹೆ ಎಲ್ಲವನ್ನೂ ಕಿತ್ತು ಹಾಕಿ ಆ ನಿಯಮವನ್ನು ಮುರಿದೆ. ಬಿದ್ದ ಫೋಟೋ ಬಿದ್ದಲ್ಲೇ ಇರಲಿ, ಅವಳು ಅಲ್ಲಿಂದಲೇ ಮತ್ತೆ ಎತ್ತಿಕೊಳ್ಳಲಿ. ಕಾಫಿ ಚೀಲ ಹೊತ್ತು ಏರು ಹತ್ತುವವರು ಅಲ್ಲಲ್ಲಿ ಇಳಿಸಿ ಉಸಿರು ತೆಗೆದುಕೊಳ್ಳುವುದಿಲ್ಲವೇ, ಹಾಗೆ. ಪರದೆ ತುಂಬ ಫೋಟೋಗಳು ಚೆಲ್ಲಾಡಿದವು. ದಕ್ಷತೆಯ ದೃಷ್ಟಿಯಿಂದ ಇಷ್ಟು ಕೆಟ್ಟದ್ದನ್ನು ನಾನು ಹಿಂದೆ ಬರೆದದ್ದಿಲ್ಲ. ಜಯಂತಿ ಮಾತ್ರ ಬೆಳಗಿನ ತಿಂಡಿ ಮುಗಿಸಿ ಕೂತರೆ ಏಳುತ್ತಿರಲಿಲ್ಲ. ಒಬ್ಬೊಬ್ಬರೇ ಅಜ್ಜ, ಒಬ್ಬೊಬ್ಬರೇ ಅತ್ತೆ, ನಿಂತು ನಿಂತು ತಮ್ಮ ಪುಟ ಸೇರಿದರು. ಕೆಲವರು ಸೊಟ್ಟಗೆ ಕೂತರು.

ಮೊನ್ನೆ ಸಂಜೆ ಒಂದೇ ಫೋಟೋ ಉಳಿದಿತ್ತು. ಅದನ್ನು ಅವಳು ಪುಟದ ಅಂಚಿನವರೆಗೂ ತಂದಳು. ಇನ್ನು ಒಂದು ಬೆರಳಿನಷ್ಟು ದೂರ. ನಾನು ಹಿಂದೆ ನಿಂತಿದ್ದೆ. ಅವಳು ಮೌಸ್‌ನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಸುಸ್ತಾಯ್ತಾ?" ಎಂದೆ.

"ಇಲ್ಲ. ಅದು ಅಲ್ಲೇ ಇರ್ಲಿ. ನಾಳೆಗೆ ಏನಾದ್ರೂ ಬೇಕಲ್ಲ."

ಅದನ್ನು ಕಣ್ಣು ಮಿಟುಕಿಸುವುದರೊಳಗೆ ಜಾಗಕ್ಕೆ ಸೇರಿಸುವ ವಿದ್ಯೆ ನನಗೆ ಗೊತ್ತಿದೆ. ಮೊನ್ನೆ ನಾನು ಮುಟ್ಟಲಿಲ್ಲ, ನಿನ್ನೆ ಅವಳೂ ಮುಟ್ಟಲಿಲ್ಲ. ಇವತ್ತು ಬೆಳಿಗ್ಗೆ ಕಾವೇರಮ್ಮನವರ ಫೋನ್ ಬಂತು, ಆಲ್ಬಂ ಎಲ್ಲಿಗೆ ಬಂತು ಎಂದು. ಇನ್ನೂ ತುಂಬ ಉಳಿದಿದೆ ಎಂದೆ.