ಸೋತ ಅಭ್ಯರ್ಥಿಯ ಉತ್ತರ

2023ರ ವಿಧಾನಸಭಾ ಚುನಾವಣೆ ಘೋಷಣೆಯಾದಾಗ ನಾನು ಮೈಸೂರಿನ ಒಂದು ದಿನಪತ್ರಿಕೆಯಲ್ಲಿ ಮುಖ್ಯ ವರದಿಗಾರ್ತಿಯಾಗಿದ್ದೆ. ನಿವೃತ್ತಿಗೆ ಇನ್ನೆರಡು ವರ್ಷ ಬಾಕಿಯಿತ್ತು. ಲಕ್ಷ್ಮೀಪುರಂನ ನಮ್ಮ ಕಚೇರಿಗೆ ಚುನಾವಣೆ ಹೊಸದೇನಲ್ಲ. ಪ್ರತಿ ಸಲವೂ ಅಭ್ಯರ್ಥಿಗಳನ್ನು ಮಾತಾಡಿಸುತ್ತಿದ್ದೆವು, ಪ್ರತಿ ಸಲವೂ ಅವರು ‘ಸರ್ವಾಂಗೀಣ ಅಭಿವೃದ್ಧಿ’ ಎನ್ನುತ್ತಿದ್ದರು, ನಾವು ಅದನ್ನೇ ಅಚ್ಚು ಹಾಕುತ್ತಿದ್ದೆವು. ಆ ಸಲದ ಸಂಪಾದಕೀಯ ಸಭೆಯಲ್ಲಿ ನಾನು ಬೇರೊಂದು ಕ್ರಮ ಸೂಚಿಸಿದೆ. ಒಂದು ಕ್ಷೇತ್ರಕ್ಕೆ ಒಂದೇ ಸ್ಥಳೀಯ ಸಮಸ್ಯೆ. ಪ್ರಮುಖ ಅಭ್ಯರ್ಥಿಗಳೆಲ್ಲರಿಗೂ ಒಂದೇ ಪ್ರಶ್ನೆ. ಉತ್ತರಗಳಿಗೆ ಒಂದೇ ಪುಟದಲ್ಲಿ ಸಮಾನ ಜಾಗ. ಈ ಸಮಾನ ಜಾಗ ಬರೀ ಸೌಜನ್ಯದ ಮಾತಲ್ಲ. ಒಬ್ಬರಿಗೆ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ ಕೊಟ್ಟರೆ ಅದು ‘ಪೇಯ್ಡ್ ನ್ಯೂಸ್’, ಅಂದರೆ ಸುದ್ದಿಯ ವೇಷದಲ್ಲಿ ಬಂದ ಜಾಹೀರಾತು, ಎಂಬ ಅನುಮಾನ ಏಳುತ್ತದೆ. ಅದರ ಮೇಲೆ ಕಣ್ಣಿಡಲು ಜಿಲ್ಲೆಯಲ್ಲಿ ಒಂದು ಸಮಿತಿಯೇ ಇರುತ್ತದೆ.

ನಾನು ಹೇಳಹೊರಟಿರುವ ಕ್ಷೇತ್ರದ ಹೆಸರು ಬೇಡ. ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಬನ್ನಿಮಂಟಪದಿಂದ ಸ್ವಲ್ಪ ಆಚೆ ಒಂದು ತಗ್ಗಿನ ಬೀದಿ. ಜೋರು ಮಳೆಯಾದರೆ ಅಲ್ಲಿನ ಮನೆಗಳಿಗೆ ಚರಂಡಿ ನೀರು ನುಗ್ಗುತ್ತಿತ್ತು. ಕಾರಣ ಗುಟ್ಟೇನಲ್ಲ. ಮಳೆನೀರು ಹರಿದುಹೋಗಬೇಕಾದ ರಾಜಕಾಲುವೆಯ ಅಂಚಿನಲ್ಲಿ, ಕೆಲವು ಕಡೆ ಅದರ ಮೇಲೆಯೇ, ಮನೆಗಳು ಎದ್ದಿದ್ದವು. ಕಾಲುವೆ ತೆರವು ಮಾಡಿಸಿ ಎಂದು ತಗ್ಗಿನ ಬೀದಿಯವರು ಕೇಳಿದರೆ, ನಾವೆಲ್ಲಿಗೆ ಹೋಗೋಣ ಎಂದು ಕಾಲುವೆ ಮೇಲಿನವರು ಜಗಳಕ್ಕೆ ನಿಲ್ಲುತ್ತಿದ್ದರು. ಹಾಗಾಗಿ ನಮ್ಮ ಪ್ರಶ್ನೆ ಇಷ್ಟೇ: ಗೆದ್ದರೆ ರಾಜಕಾಲುವೆ ತೆರವು ಮಾಡಿಸುತ್ತೀರಾ, ಇಲ್ಲವಾ?

ಮೊದಲ ಅಭ್ಯರ್ಥಿ ‘ಶಾಶ್ವತ ಪರಿಹಾರ’ ಎಂದರು. ಎರಡನೆಯವರು ‘ಎಲ್ಲರನ್ನೂ ವಿಶ್ವಾಸಕ್ಕೆ ತೆಗೆದುಕೊಂಡು’ ಎಂದು ಶುರು ಮಾಡಿದರು.

“ತೆರವು ಮಾಡಿಸ್ತೀರಾ ಸರ್?” ಎಂದು ಮತ್ತೆ ಕೇಳಿದೆ.

“ಅದನ್ನೇ ಹೇಳಿದ್ನಲ್ಲ ಮೇಡಂ,” ಎಂದು ನಕ್ಕರು.

ಮೂರನೆಯವರು ಶಾರದಮ್ಮ. ಹಿಂದೆ ಅದೇ ಭಾಗದ ಕಾರ್ಪೊರೇಟರ್ ಆಗಿದ್ದವರು. ಹೊಲಿಗೆ ಅಂಗಡಿ ಇಟ್ಟುಕೊಂಡೇ ರಾಜಕೀಯಕ್ಕೆ ಬಂದವರು. ನಾನು ಹೋದಾಗ ಪಕ್ಕದಲ್ಲಿ ಅವರ ತಮ್ಮ ಮಹೇಶ್ ಕೂತಿದ್ದರು. ಅಕ್ಕನ ಚುನಾವಣೆಯ ಓಡಾಟವೆಲ್ಲ ಅವರದೇ.

“ತೆರವು ಮಾಡಿಸ್ಲೇಬೇಕು,” ಎಂದರು ಶಾರದಮ್ಮ. ಮಹೇಶ್ ತಲೆಯೆತ್ತಿ ನೋಡಿದರು. “ಆ ಮನೆಗಳಿಗೆ ನಲ್ಲಿ, ಕರೆಂಟು ಕೊಡ್ಸಿದ್ದು ನಾನೇ ಕಣ್ರೀ. ಮಕ್ಕಳು ಕತ್ತಲಲ್ಲಿ ಕೂತಿದ್ವು, ನೋಡಕ್ಕಾಗ್ದೆ ಕೊಡ್ಸಿದೆ. ಆದ್ರೆ ಕೆಳಗಿನ ಬೀದೀಲಿ ಮಳೆ ಬಂದ್ರೆ ಮಂಚದ ಮೇಲೆ ನೀರು. ಅದನ್ನೂ ನೋಡಕ್ಕಾಗಲ್ಲ. ಇವರಿಗೆ ಬೇರೆ ಕಡೆ ಮನೆ ಕೊಡ್ಸಿ ಕಾಲುವೆ ಬಿಡಿಸ್ಬೇಕು. ಹಂಗೇ ಬರ್ಕೊಳ್ಳಿ.”

“ಅಕ್ಕಾ, ಆ ಓಟು ಪೂರಾ ನಮ್ದು,” ಎಂದರು ಮಹೇಶ್.

“ಗೊತ್ತು ಕಣೋ.”

ಮರುದಿನ ಬೆಳಿಗ್ಗೆ ಮಹೇಶ್ ಫೋನ್ ಮಾಡಿದರು. ಸುದ್ದಿ ಆಗಲೇ ಕಾಲುವೆ ಮನೆಗಳಿಗೆ ಮುಟ್ಟಿತ್ತು. ಆ ಉತ್ತರ ತೆಗೆದು ‘ಶಾಶ್ವತ ಪರಿಹಾರ’ ಎಂದೇ ಹಾಕಿಬಿಡಿ ಎಂದು ಕೇಳಿಕೊಂಡರು. ಪುಟ ಅಚ್ಚಿಗೆ ಹೋಗುವವರೆಗೆ ಉತ್ತರ ಬದಲಿಸುವ ಹಕ್ಕು ಎಲ್ಲ ಅಭ್ಯರ್ಥಿಗಳಿಗೂ ಇದೆ, ಆದರೆ ಅವರೇ ಹೇಳಬೇಕು ಎಂದೆ. ಫೋನ್ ಇಟ್ಟ ಮೇಲೆ ಒಂಥರಾ ಕಸಿವಿಸಿ. ಮೂರು ಉತ್ತರಗಳಲ್ಲಿ ಉತ್ತರವೆನ್ನುವಂಥದ್ದು ಅದೊಂದೇ ಇತ್ತು. ಅದು ಕೈತಪ್ಪಿದರೆ ನನಗೆ ಪುಟ ಸಪ್ಪೆಯಾಗುತ್ತದೆ, ಅಷ್ಟೇ. ಉಳಿದರೆ ಶಾರದಮ್ಮನಿಗೆ ಚುನಾವಣೆಯೇ ಹೋಗಬಹುದು. ಆ ಉತ್ತರ ಉಳಿಸಿ ಎಂದು ಹೇಳುವ ಅಧಿಕಾರ ನನಗಿರಲಿಲ್ಲ.

ಮಧ್ಯಾಹ್ನ ಶಾರದಮ್ಮನೇ ಕಚೇರಿಗೆ ಬಂದರು. ಜೊತೆಗೆ ನಾಗಮ್ಮ ಎನ್ನುವ ಹೆಂಗಸು. ಕಾಲುವೆಯ ಮೇಲಿನ ಮನೆಯಾಕೆ. ಬನ್ನಿಮಂಟಪದ ಬಳಿ ತಳ್ಳುಗಾಡಿಯಲ್ಲಿ ಇಡ್ಲಿ ಮಾರುತ್ತಿದ್ದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ನೀವೇ ಕೇಳಿ ಮೇಡಂ,” ಎಂದರು ನನಗೆ. “ಕರೆಂಟ್ ಕೊಡ್ಸಿದ್ ಕೈಯಲ್ಲೇ ಮನೆ ಒಡಿಸ್ತಾರಂತೆ. ಎಂಗೆ ಇದು?”

“ಉಳಿದಿಬ್ರು ಒಡ್ಸಲ್ಲ ಅಂತ ಹೇಳಿದ್ದಾರಾ, ಕೇಳಿದ್ಯಾ?” ಎಂದರು ಶಾರದಮ್ಮ. “ಯಾರೂ ಏನೂ ಹೇಳಲ್ಲ ಕಣಮ್ಮ. ಆಮೇಲೆ ಒಂದಿನ ಜೆಸಿಬಿ ಬಂದು ನಿಲ್ಲುತ್ತೆ. ಅದಕ್ಕೇ ನಾನು ಮೊದ್ಲೇ ಹೇಳ್ತಿರೋದು. ಮನೆ ಕೊಟ್ಟ ಮೇಲೇ ಒಡಿಯೋದು.”

“ಎಲ್ಲಿ ಕೊಡ್ತೀರಾ?”

“ಕಡಕೊಳದ ಕಡೆ ಜಾಗ ಇದೆ ಅಂತಾರೆ.”

ನಾಗಮ್ಮನ ದನಿ ಏರಿತು. “ಕಡಕೊಳದಿಂದ ಗಾಡಿ ತಳ್ಕೊಂಡು ಬರಕ್ಕಾಯ್ತದಾ ಅಕ್ಕ? ಬೆಳಿಗ್ಗೆ ತಿಂಡಿ ತಿನ್ನೋರು ಮಧ್ಯಾಹ್ನದ ತಂಕ ಕಾಯ್ತಾರಾ? ಮನೆ ಕೊಟ್ಬುಟ್ರೆ ಆಯ್ತಾ, ಹೊಟ್ಟೆಗೆ?”

ಶಾರದಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಉತ್ತರ ವಾಪಸು ತೆಗೆದುಕೊಳ್ಳುತ್ತಾರೆ ಎಂದೇ ನಾನು ಅಂದುಕೊಂಡೆ. ಅವರು ನನ್ನತ್ತ ತಿರುಗಿ, “ಇನ್ನೊಂದು ಮಾತು ಸೇರಿಸ್ಬೋದಾ?” ಎಂದು ಕೇಳಿದರು.

ಜಾಗ ಇಷ್ಟೇ ಇದೆ, ಏನಾದರೂ ತೆಗೆಯಬೇಕಾಗುತ್ತದೆ ಎಂದೆ. ತಾವು ಕಾರ್ಪೊರೇಟರ್ ಆಗಿದ್ದಾಗ ಮಾಡಿದ ಕೆಲಸಗಳ ಬಗ್ಗೆ ಹೇಳಿಕೊಂಡಿದ್ದ ಸಾಲುಗಳನ್ನು ಅವರೇ ಹೊಡೆದುಹಾಕಿಸಿದರು. ಆ ಜಾಗಕ್ಕೆ ಬಂದದ್ದು ಇದು: “ಹೊಸ ಮನೆ, ಈಗಿನ ದುಡಿಮೆಯ ಜಾಗಕ್ಕೆ ಗಾಡಿ ತಳ್ಳಿಕೊಂಡು ಬರುವಷ್ಟು ಹತ್ತಿರವಿರಬೇಕು. ಅಂಥ ಮನೆ ಸಿಗುವವರೆಗೆ ಒಂದು ಗೋಡೆಯನ್ನೂ ಮುಟ್ಟಬಾರದು.”

ನಾಗಮ್ಮ ಇನ್ನೊಂದು ಸಲ ಓದಿಸಿ ಕೇಳಿಸಿಕೊಂಡರು. ಅವರಿಬ್ಬರೂ ಹೋದ ಮೇಲೆ ಉಳಿದ ಅಭ್ಯರ್ಥಿಗಳಿಗೂ ಫೋನ್ ಮಾಡಿ, ಏನಾದರೂ ಸೇರಿಸುವುದಿದ್ದರೆ ಹೇಳಿ ಎಂದೆ. ಇದ್ದದ್ದೇ ಇರಲಿ ಎಂದರು ಇಬ್ಬರೂ.

ಭಾನುವಾರ ಪುಟ ಅಚ್ಚಾಯಿತು. ಎದುರಾಳಿಗಳು ಶಾರದಮ್ಮನ ಮೊದಲ ವಾಕ್ಯವನ್ನಷ್ಟೇ ಎತ್ತಿಕೊಂಡು, ‘ಮನೆ ಒಡೆಸುವವರು ಬೇಕಾ’ ಎಂದು ಬೀದಿಬೀದಿಯಲ್ಲಿ ಆಟೊದಲ್ಲಿ ಮೈಕ್ ಕಟ್ಟಿ ಕೂಗಿಸಿದರು. ಫಲಿತಾಂಶದ ದಿನ ಶಾರದಮ್ಮ ಸೋತರು. ಕೂದಲೆಳೆಯ ಸೋಲೂ ಅಲ್ಲ. ‘ಶಾಶ್ವತ ಪರಿಹಾರ’ ಎಂದವರು ಗೆದ್ದರು. ಅಭ್ಯರ್ಥಿಗಳ ನಿಲುವು ಕೇಳುವ ನಮ್ಮ ಪ್ರಯೋಗ ಕೊನೆಗೆ ನೇರವಾಗಿ ಮಾತಾಡಿದವರನ್ನೇ ಸೋಲಿಸಿತು ಎಂದು ನನಗೆ ಅನಿಸಿತು. ಬಹಳ ದಿನ ಹಾಗೇ ಅನಿಸುತ್ತಿತ್ತು.

ಆ ಮಳೆಗಾಲದಲ್ಲಿ ತಗ್ಗಿನ ಬೀದಿಗೆ ಮತ್ತೆ ನೀರು ನುಗ್ಗಿತು. ಹೊಸ ಶಾಸಕರು ಪ್ಯಾಂಟು ಮಡಚಿಕೊಂಡು ಬಂದರು. ವರದಿಗೆಂದು ನಾನೂ ಹೋದೆ. ಜನರ ಗುಂಪಿನಿಂದ ನಾಗಮ್ಮ ಮುಂದೆ ಬಂದರು.

“ಕಾಲುವೆ ಬಿಡ್ಸಿ ಸ್ವಾಮಿ, ಬ್ಯಾಡ ಅನ್ನಲ್ಲ. ಗಾಡಿ ತಳ್ಕೊಂಡ್ ಬರೋ ಅಷ್ಟು ಅತ್ರದಲ್ಲಿ ಮನೆ ಕೊಡಿ. ಆಮೇಲೆ ಗೋಡೆ ಮುಟ್ಟಿ.”

ಶಾಸಕರು ತಗ್ಗಿನ ಬೀದಿಯವರ ಕಡೆ ನೋಡಿದರು. ಅವರು ಇದಕ್ಕೆ ಜಗಳ ತೆಗೆಯುತ್ತಾರೆ ಎಂದು ನಿರೀಕ್ಷಿಸಿದ್ದಿರಬೇಕು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, “ನಮ್ಮದೂ ಅದೇ ಕೋರಿಕೆ ಸರ್,” ಎಂದರು. “ಅವರಿಗೆ ಮನೆ ಸಿಕ್ಕದೆ ನಮ್ಮ ಮನೆಗೆ ನೀರು ನುಗ್ಗೋದು ನಿಲ್ಲಲ್ಲ.”

“ಇದನ್ನ ಯಾರು ಹೇಳ್ಕೊಟ್ರಮ್ಮ?” ಎಂದು ಶಾಸಕರು ನಾಗಮ್ಮನನ್ನು ಕೇಳಿದರು.

“ಪೇಪರ್‌ನಲ್ಲೇ ಬಂದಿತ್ತಲ್ಲ ಸ್ವಾಮಿ,” ಎಂದರು ನಾಗಮ್ಮ.

ಆ ಶಾಸಕರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಸಿಟ್ಟಾಗಲಿಲ್ಲ, ಅಧಿಕಾರಿಗಳ ಸಭೆಯಲ್ಲಿ ಇದೇ ಷರತ್ತನ್ನು ಮುಂದಿಟ್ಟರು. ಎಲ್ಲವೂ ಆಯಿತೆಂದಲ್ಲ. ನಾನು ನಿವೃತ್ತಳಾಗುವ ಹೊತ್ತಿಗೆ ಕೆಲವು ಕುಟುಂಬಗಳಿಗೆ ನಗರದೊಳಗೇ ಮನೆ ಸಿಕ್ಕಿತ್ತು, ನಾಗಮ್ಮನದೂ ಸೇರಿ. ಕಾಲುವೆಯ ಒಂದು ಭಾಗ ತೆರೆದಿತ್ತು. ನೀರು ಈಗಲೂ ಬೀದಿಗೆ ಬರುತ್ತದೆ, ಆದರೆ ಹೊಸ್ತಿಲು ದಾಟುವುದು ಅಪರೂಪ.

ನಿವೃತ್ತಿಯ ಮೇಲೆ ಒಮ್ಮೆ ರವಿಕೆ ಹೊಲಿಸಲು ಶಾರದಮ್ಮನ ಅಂಗಡಿಗೆ ಹೋಗಿದ್ದೆ. ಆ ಉತ್ತರದಿಂದ ನಿಮಗೆ ನಷ್ಟವಾಯಿತಲ್ಲ ಎಂದೆ. ಅವರು ಅಳತೆ ಟೇಪು ಕೊರಳಿಗೆ ಹಾಕಿಕೊಂಡು ನಕ್ಕರು.

“ನಾಗಮ್ಮ ನಂಗೆ ಓಟ್ ಹಾಕ್ಲಿಲ್ಲ, ಗೊತ್ತಾ? ಅವಳೇ ಬಂದು ಹೇಳಿದ್ಲು. ‘ನೀವು ಗೆದ್‌ಬುಟ್ರೆ ಹೇಳಿದ್ನ ಮಾಡೇ ಬುಡ್ತೀರಾ ಅಂತ ಭಯ ಆಯ್ತು ಅಕ್ಕ’ ಅಂದ್ಲು.”

ಮತದಾರರು ಆಯ್ಕೆ ಮಾಡಲಿ ಎಂದು ಅಭ್ಯರ್ಥಿಗಳ ಅಭಿಪ್ರಾಯ ಅಚ್ಚು ಹಾಕುತ್ತೇವೆ ಎಂದೇ ನಾನು ವೃತ್ತಿಜೀವನದುದ್ದಕ್ಕೂ ತಿಳಿದಿದ್ದೆ. ಜನ ಅದನ್ನು ಬೇರೆ ರೀತಿಯಲ್ಲೂ ಬಳಸುತ್ತಾರೆ. ಓಟು ಒಬ್ಬರಿಗೆ ಹಾಕಿ, ಇನ್ನೊಬ್ಬರು ಆಡಿದ ಮಾತನ್ನು ಗೆದ್ದವರಿಂದ ವಸೂಲಿ ಮಾಡಿಕೊಳ್ಳುತ್ತಾರೆ. ಈಗ ಯಾರಾದರೂ ಹೊಸ ವರದಿಗಾರರು ಸಲಹೆ ಕೇಳಿದರೆ, ಸೋಲುವಂತೆ ಕಾಣುವವರ ಮನೆಗೂ ಹೋಗಿ ಪ್ರಶ್ನೆ ಕೇಳಿ ಬನ್ನಿ ಎನ್ನುತ್ತೇನೆ.