ಅವ್ವನ ಕಟ್ಟೆಯ ಮೇಲೆ ಕುಳಿತವರು

ಬನಹಟ್ಟಿಯಲ್ಲಿ ನಮ್ಮ ಪಕ್ಕದ ಮನೆಯ ನೂಲಿನ ವ್ಯಾಪಾರಿಗೆ ಮಾತು ಕಡಿಮೆ. ಏನೇ ಕೇಳಿದರೂ "ಬಾಯಿಲೆ ಹೇಳಿದ್ರ ಆಗೂದಿಲ್ರಿ, ಮಾಡಿ ತೋರಸಬೇಕು" ಎನ್ನುತ್ತಿದ್ದರು.

ಒಂದು ಸಂಜೆ ಇಳಿಜಾರಿನಲ್ಲಿ ನಿಲ್ಲಿಸಿದ್ದ ಅವರ ಕಾರು ತಾನಾಗಿಯೇ ಹಿಂದೆ ಸರಿದು, ನನ್ನ ಅವ್ವ ಕುಳಿತಿದ್ದ ಕಟ್ಟೆಗೆ ಬಡಿದು ನಿಂತಿತು. ಅವ್ವನಿಗೆ ಪೆಟ್ಟಾಗಲಿಲ್ಲ. ಆದರೆ ಮರುದಿನ ಅವಳು ಹೊರಗೇ ಬರಲಿಲ್ಲ.

ಅವರು ಕಾರನ್ನು ಮತ್ತೆ ಇಳಿಜಾರಿನ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಸಡಿಲಾಗಿದ್ದ ಹ್ಯಾಂಡ್‌ಬ್ರೇಕಿನ ಕೇಬಲ್ ಬಿಗಿದು ಬ್ರೇಕ್ ಎಳೆದರು. ಆಮೇಲೆ ಅವ್ವನ ಜಾಗದಲ್ಲಿ ತಾವೇ ಕುಳಿತು, "ಕಲ್ಲ ತಗಿ" ಎಂದು ಹೆಂಡತಿಗೆ ಹೇಳಿದರು.

"ಹುಚ್ಚ ಹಿಡದೈತೇನ್ರಿ ನಿಮಗ?" ಎಂದು ಬೈಯುತ್ತಲೇ ಆಕೆ ತೆಗೆದರು. ಕಾರು ಅಲುಗಲಿಲ್ಲ.

"ಈಗ ಬರ್ರಿ, ಅವ್ವಾರ" ಎಂದು ಅವರು ಕರೆದರು.

ಅವ್ವ ಹೊಸ್ತಿಲಲ್ಲಿ ಬಹಳ ಹೊತ್ತು ನಿಂತು ನೋಡಿದಳು. ಕೊನೆಗೆ ಹೊರಗೆ ಬಂದು, "ತುಸು ಅತ್ತಾಗ ಸರಿಯೋ ತಮ್ಮಾ" ಎಂದಳು.